ಕಿವಿ ಮೇಸ್ತ್ರಿಯ ಜೇಬು

ಕಿವಿ ಮೇಸ್ತ್ರಿಗೆ ಸುಸ್ತಾಗಿತ್ತು. ಮೂಟೆ ಹೊತ್ತವರ ಸುಸ್ತು ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಇಳಿದುಹೋಗುತ್ತದೆ. ಇವನದು ಆ ಜಾತಿಯದಲ್ಲ. ವರ್ಷಗಟ್ಟಲೆ ಕಣ್ಣು ಮಿಟುಕಿಸದೆ ಕಾವಲು ಕಾದವನ ಸುಸ್ತು. ಬೆಳಿಗ್ಗೆ ಎದ್ದಾಗಲೂ ಅದು ಅವನಿಗಿಂತ ಮುಂಚೆಯೇ ಎದ್ದು ಕೂತಿರುತ್ತಿತ್ತು. ಅವನಿಗೆ ಜೀವನದಲ್ಲಿ ಇನ್ನು ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ: ಬೆಳಿಗ್ಗೆ ಎಚ್ಚರವಾದ ಮೇಲೆ ಮಗ್ಗುಲು ಬದಲಿಸಿ ಮತ್ತೆ ಮಲಗುವುದು. ಅಷ್ಟೇ. ಅದನ್ನು ಪಡೆಯಲು ಒಂದೇ ಒಂದು ಮಾತು ಆಡಬೇಕಿತ್ತು, ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಕಿವಿ ಮೇಸ್ತ್ರಿ ಎಂಬ ಹೆಸರು ಬಿದ್ದದ್ದು ಅವನ ಹರೆಯದಲ್ಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟನೆಂದರೆ ಒಳಗೆ ಯಾವುದು ಸವೆದಿದೆ, ಯಾವುದು ಸಡಿಲಾಗಿದೆ ಎಲ್ಲ ಹೇಳಿಬಿಡುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವನಿಗೂ ಆಗ ಸ್ವಲ್ಪ ಜಂಬವಿತ್ತು, ಇರಬಾರದೇನು? ಆ ಜಂಬ ಇಳಿದದ್ದು ಮೊದಲ ಹೈಬ್ರಿಡ್ ಕಾರು ಶೆಡ್ಡಿಗೆ ಬಂದ ದಿನ. ಮಾಮೂಲಿನಂತೆ ಸ್ಕ್ರೂಡ್ರೈವರ್ ಒತ್ತಿ ಕೇಳಿದ. ಏನೂ ಇಲ್ಲ. "ಇದು ಸ್ಟಾರ್ಟೇ ಆಗಿಲ್ಲ" ಎಂದು ತೀರ್ಪು ಕೊಟ್ಟು ಪಕ್ಕಕ್ಕೆ ಸರಿದ. ಒಳಗೆ ಕೂತಿದ್ದ ಶೆಡ್ಡಿನ ಆಗಿನ ಯಜಮಾನ ನಗುತ್ತಾ ಆಕ್ಸಿಲರೇಟರ್ ಒತ್ತಿದ. ಸ್ಟಾರ್ಟೇ ಆಗದ ಗಾಡಿ ಸದ್ದಿಲ್ಲದೆ ಮುಂದೆ ಹೋಗಿ, ಮೇಸ್ತ್ರಿಯ ಟೂಲ್ ಪೆಟ್ಟಿಗೆಯನ್ನು ಗೋಡೆಯ ತನಕ ತಳ್ಳಿಕೊಂಡು ಹೋಗಿ ನಿಂತಿತು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವನು ಅವಮಾನ ನುಂಗಿಕೊಂಡು ಹೊಸದಾಗಿ ಕಲಿಯಲು ಕೂತ. ಬಾನೆಟ್ಟಿನ ಕೆಳಗೆ ಪೆಟ್ರೋಲ್ ಇಂಜಿನ್ನು, ಅದರ ಮಗ್ಗುಲಲ್ಲೇ ಕರೆಂಟಿನ ಮೋಟರು, ಹಿಂದಿನ ಸೀಟಿನ ಬೆನ್ನಿಗೆ ಬ್ಯಾಟರಿಯ ದೊಡ್ಡ ಪೆಟ್ಟಿಗೆ. ನಿಧಾನವಾಗಿ ಹೋಗುವಾಗ ಮೋಟರೊಂದೇ ಎಳೆಯುತ್ತದೆ, ಜೋರು ಬೇಕಾದಾಗ ಇಂಜಿನ್ನು ಕೈಜೋಡಿಸುತ್ತದೆ, ಬ್ರೇಕ್ ಒತ್ತಿದರೆ ಅದೇ ಮೋಟರು ಕರೆಂಟು ಹುಟ್ಟಿಸಿ ಬ್ಯಾಟರಿಗೆ ವಾಪಸು ತುಂಬುತ್ತದೆ. ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ, ಯಾವಾಗಲೂ ನಡುವೆಯೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದು ಬಹಳ ವರ್ಷ ಬಾಳುತ್ತದೆ. ಇದನ್ನು ತಿಳಿದುಕೊಂಡ ದಿನ ಮೇಸ್ತ್ರಿ ಹೆಂಡತಿಗೆ ಹೇಳಿದ್ದ. "ಬ್ಯಾಟರಿಗೆ ಇರೋ ಬುದ್ಧಿ ನಿಮಗೆ ಯಾವಾಗ ಬರುತ್ತೋ" ಎಂದಿದ್ದಳು ಅವಳು, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ.

ಕಲಿಯುವುದೇನೋ ಕಲಿತ. ಆದರೆ ಹಳೆಯ ಇಂಜಿನ್ನು ಕೆಟ್ಟರೆ ಕೂಗುತ್ತಿತ್ತು, ಕೆಮ್ಮುತ್ತಿತ್ತು, ಹೊಗೆ ಉಗುಳುತ್ತಿತ್ತು, ಹುಷಾರು ಎಂದು ಒಂದು ಮಾತಾದರೂ ಹೇಳುತ್ತಿತ್ತು. ಈ ಬ್ಯಾಟರಿ ಏನೂ ಹೇಳುವುದಿಲ್ಲ. ತಣ್ಣಗೆ ಕೂತಿರುತ್ತದೆ, ಕೈ ತಪ್ಪಿತೋ ಅಲ್ಲೇ ಜೀವ ತೆಗೆಯುತ್ತದೆ. ಕಿವಿಯನ್ನೇ ನಂಬಿ ಬದುಕಿದವನು ಇಷ್ಟು ವರ್ಷ ಕಿವಿ ಕಟ್ಟಿಕೊಂಡು ಅದರ ಮುಂದೆ ಕೂತಿದ್ದ. ಅವನ ಸುಸ್ತಿನ ಬೇರು ಇದ್ದದ್ದು ಅಲ್ಲಿ.

ಅದಕ್ಕೇ ಶೆಡ್ಡಿನಲ್ಲಿ ಅವನು ಒಂದು ಕಾನೂನು ಮಾಡಿದ್ದ. ಬ್ಯಾಟರಿ ಪೆಟ್ಟಿಗೆಯ ಮಗ್ಗುಲಲ್ಲಿ ಕಿತ್ತಳೆ ಬಣ್ಣದ ಹಿಡಿಯಿರುವ, ಅಂಗೈ ತುಂಬುವಂಥ ಒಂದು ಪ್ಲಗ್ಗು ಇರುತ್ತದೆ. ಅದನ್ನು ಎಳೆದರೆ ಬ್ಯಾಟರಿಯ ನಡು ಮುರಿದಂತೆ, ಕರೆಂಟಿಗೆ ಹೊರಗೆ ಬರುವ ದಾರಿ ಇಲ್ಲ. ಎಳೆದವನು ಅದನ್ನು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಬೆಂಚಿನ ಮೇಲೆ ಇಡುವಂತಿಲ್ಲ, ಸೀಟಿನ ಮೇಲೆ ಇಡುವಂತಿಲ್ಲ. ಪ್ಲಗ್ಗು ಜೇಬಿನಲ್ಲಿ ಇರುವಷ್ಟು ಹೊತ್ತೂ ಆ ಮನುಷ್ಯ ಗಾಡಿಯ ಒಳಗೇ ಇದ್ದಾನೆಂದು ಲೆಕ್ಕ. ಚಹಾ ಕುಡಿಯಲು ಹೋಗಿರಲಿ, ಕಕ್ಕಸಿಗೆ ಹೋಗಿರಲಿ. ಹಾಕಿಕೊಂಡವನೇ ವಾಪಸು ಸಿಕ್ಕಿಸಬೇಕು. ಇನ್ನೊಬ್ಬರಿಗೆ ಕೊಡಲೇಬೇಕಾಗಿ ಬಂದರೆ ಇಬ್ಬರೂ ತೆರೆದ ಪೆಟ್ಟಿಗೆಯ ಮುಂದೆ ನಿಂತು, ಒಳಗೆ ಕಣ್ಣಾರೆ ನೋಡಿ, ಆಮೇಲೆ ಕೊಡಬೇಕು. ಹಾಗೆ ಕೊಡುವ ದಿನ ಇನ್ನೂ ಬಂದಿರಲಿಲ್ಲ. ಇದರ ಜೊತೆಗೆ ಉಂಗುರ, ಗಡಿಯಾರ, ಫೋನು ಎಲ್ಲವನ್ನೂ ಬಿಚ್ಚಿ ಬೆಂಚಿನ ಮೇಲಿನ ತಗಡಿನ ಡಬ್ಬದಲ್ಲಿ ಹಾಕಿ ಕೆಲಸಕ್ಕೆ ಕೈ ಹಾಕಬೇಕು.

ಈಗಿನ ಯಜಮಾನಮ್ಮ, ಆ ಹಳೆಯ ಯಜಮಾನನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಶೆಡ್ಡನ್ನು ಅವಳೇ ನಡೆಸುತ್ತಿದ್ದಳು. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ಮೇಸ್ತ್ರಿ ಕೆಲಸ ಬಿಡುತ್ತೇನೆ ಎಂದಾಗ ಅವಳು ಹೇಳಿದ್ದಳು, "ಬಿಡಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಅಳಿಯ ಒಬ್ಬನೇ ಬ್ಯಾಟರಿ ಬಿಚ್ಚಬಹುದು ಅನ್ನೋ ಮಾತು ನಿಮ್ಮ ಬಾಯಿಂದಾನೇ ಬರ್ಬೇಕು. ಅವತ್ತಿಂದ ನೀವು ಮನೇಲಿ ಕಾಲು ಚಾಚ್ಕೊಂಡು ಮಲಗಿ."

ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇದೇ. ಅಳಿಯ ಮೊದಲು ಫೋನ್ ರಿಪೇರಿ ಅಂಗಡಿಯಲ್ಲಿದ್ದವನು. ಮಗಳನ್ನು ಮದುವೆಯಾದ ಮೇಲೆ ಮಾವನ ಹಿಂದೆ ಶೆಡ್ಡಿಗೆ ಬಂದ. ಕೈ ಚುರುಕು, ತಲೆಯೂ ಚುರುಕು. ಕೆಲಸ ಮಾಡುವಾಗ ಮಾತ್ರ ಸದಾ ಶಿಳ್ಳೆ. ಮೇಸ್ತ್ರಿಗೆ ಆ ಶಿಳ್ಳೆ ಕೇಳಿದರೆ ಮೈ ಉರಿಯುತ್ತಿತ್ತು. ಸಾವಿನ ಪೆಟ್ಟಿಗೆ ಮುಂದೆ ಕೂತು ಶಿಳ್ಳೆ ಹೊಡೆಯುವವನನ್ನು ಏನೆಂದು ನಂಬುವುದು? ಒಂದು ದಿನ ಚಹಾ ಕುಡಿದು ಬಂದು ನೋಡುತ್ತಾನೆ, ಅಳಿಯನ ಎರಡೂ ಕೈ ಮೊಣಕೈ ತನಕ ಬ್ಯಾಟರಿಯೊಳಗೆ, ಕಿತ್ತಳೆ ಪ್ಲಗ್ಗು ಆರಾಮಾಗಿ ಡ್ಯಾಶ್‌ಬೋರ್ಡಿನ ಮೇಲೆ. ಮೇಸ್ತ್ರಿಗೆ ತಲೆ ಕೆಟ್ಟುಹೋಯಿತು. ಆದರೆ ಅಳಿಯನಿಗೆ ಏಕವಚನದಲ್ಲಿ ಬೈಯುವಂತಿಲ್ಲವಲ್ಲ. ಹಾಗಾಗಿ ಮರ್ಯಾದೆ ಕೊಟ್ಟೇ ಮಾನ ಕಳೆದ.

"ಏನ್ರೀ ಇದು? ತಲೇಲಿ ಏನು ತುಂಬ್ಕೊಂಡಿದೀರಿ? ಸಾಯೋಕೆ ಅಷ್ಟು ಆಸೆ ಇದ್ರೆ ನನ್ನ ಮಗಳನ್ನ ಯಾಕೆ ಮದುವೆ ಆದ್ರಿ?"

"ಒಂದು ನಿಮಿಷದ ಕೆಲಸ ಇತ್ತು ಮಾವ, ಅದಕ್ಕೆ..."

"ಸಾಯೋಕೆ ಅಷ್ಟೂ ಬೇಡ!"

ಅಳಿಯ ತಲೆ ತಗ್ಗಿಸಿ ಪ್ಲಗ್ಗನ್ನು ಜೇಬಿಗೆ ಹಾಕಿಕೊಂಡಿದ್ದ. ಆಮೇಲೆ ಎಂದೂ ಹಾಗೆ ಮಾಡಲಿಲ್ಲ. ಆದರೆ ಶಿಳ್ಳೆ ನಿಲ್ಲಲಿಲ್ಲ, ಮೇಸ್ತ್ರಿಯ ಅನುಮಾನವೂ ನಿಲ್ಲಲಿಲ್ಲ. ತಾನು ಆ ಮಾತು ಹೇಳಿ ಮನೆಗೆ ಹೋದ ಮೇಲೆ ಏನಾದರೂ ಆಗಿಬಿಟ್ಟರೆ? ಹಾಳಾಗುವುದು ತನ್ನ ಮಗಳ ಬಾಳೇ. ಯಜಮಾನಮ್ಮ ಕೇಳಿದಾಗಲೆಲ್ಲ "ನೋಡೋಣ, ಇನ್ನೊಂದು ಸ್ವಲ್ಪ ಪಳಗಲಿ" ಎಂದು ಜಾರಿಕೊಳ್ಳುತ್ತಿದ್ದ. ಮನೆಯಲ್ಲಿ ಹೆಂಡತಿ ಬಿಡುತ್ತಿರಲಿಲ್ಲ. "ಮಗಳನ್ನೇ ಕೊಟ್ಟಿದೀರಿ. ಒಂದು ಪ್ಲಗ್ಗು ಕೊಡೋಕೆ ಹೀಗೆ ಒದ್ದಾಡ್ತೀರಲ್ಲ!"

ಹೀಗಿರುವಾಗ ಒಂದು ದಿನ ಬಾಡಿಗೆ ಕಾರಿನ ಚಾಲಕನೊಬ್ಬ ಗಾಡಿ ತಂದುಬಿಟ್ಟ. ಶೆಡ್ಡಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಅರ್ಜೆಂಟ್ ಎಂದು. ಹುಟ್ಟಿದಾಗಿನಿಂದ ಅವನಿಗೆ ಯಾವುದೂ ನಿಧಾನವಾಗಿ ಆಗಬೇಕಾಗಿರಲೇ ಇಲ್ಲ. ಗಾಡಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸಂಜೆ ಯಾರನ್ನೋ ರೈಲ್ವೆ ಸ್ಟೇಷನ್ನಿಗೆ ಬಿಡಬೇಕಂತೆ, ಅಷ್ಟರಲ್ಲಿ ಆಗಲೇಬೇಕಂತೆ. ಯಜಮಾನಮ್ಮ ಆಗಲಿ ಎಂದಳು. ಅಳಿಯ ಬೇರೊಂದು ಗಾಡಿಯ ಬ್ರೇಕು ಬಿಚ್ಚಿಕೊಂಡು ಕೂತಿದ್ದ. ಮೇಸ್ತ್ರಿಯೇ ಕೈ ಹಾಕಿದ.

ಹಿಂದಿನ ರಾತ್ರಿ ಮಂಡಿ ನೋವಿನಿಂದ ಅವನಿಗೆ ಕಣ್ಣು ಹತ್ತಿರಲಿಲ್ಲ. ಆದರೂ ಪ್ಲಗ್ಗು ಎಳೆದು ಜೇಬಿಗೆ ಹಾಕಿಕೊಂಡ. ಒಳಗೆ ಉಳಿದ ಕರೆಂಟು ಇಳಿಯಲಿ ಎಂದು ಕಾದ. ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ, ತೂತಿಲ್ಲವೆಂದು ನೋಡಿ ತೊಟ್ಟುಕೊಂಡ. ಡಿಕ್ಕಿಯೊಳಗೆ ಮೈ ಮಡಚಿಕೊಂಡು ನುಗ್ಗುವಾಗ ಮಂಡಿ ಚುರ್ರೆಂದಿತು. ಬ್ಯಾಟರಿಗೆ ಗಾಳಿ ಬೀಸುವ ಫ್ಯಾನಿನಲ್ಲಿ ಧೂಳು, ಕೂದಲು ಉಂಡೆಕಟ್ಟಿ ಕೂತಿದ್ದವು. ಪೆಟ್ಟಿಗೆಯೊಳಗೆ ಒತ್ತಾಗಿ ಜೋಡಿಸಿದ ಬ್ಯಾಟರಿಯ ತುಂಡುಗಳಲ್ಲಿ ಒಂದು ಬಿಸಿ ತಡೆಯಲಾರದೆ ಸತ್ತಿತ್ತು. ಅದನ್ನು ತೆಗೆದು, ಉಳಿದವುಗಳಷ್ಟೇ ಹಳತಾದ ಇನ್ನೊಂದನ್ನು ಹುಡುಕಿ ಕೂರಿಸಿದ. ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ತಾಮ್ರದ ಪಟ್ಟಿಗಳನ್ನು ಉಜ್ಜಿ ಎರಡೂ ಮಗ್ಗುಲಿನ ಸಾಲಿನಲ್ಲಿ ಇಟ್ಟ, ನಟ್ಟುಗಳನ್ನು ಕೈಯಲ್ಲಿ ತಿರುಗಿಸಿದ, ಸ್ಪ್ಯಾನರ್ ಹಿಡಿದು ಬಿಗಿಯಲು ಶುರುಮಾಡಿದ. ಸರಿಯಾದ ಬಿಗಿ ಬಂದಾಗ ಟಿಕ್ ಎನ್ನುವ ಸ್ಪ್ಯಾನರ್ ಅದು. ಈ ಕೆಲಸದಲ್ಲಿ ಅವನ ಕಿವಿಗೆ ಉಳಿದಿದ್ದ ಸುಖ ಅದೊಂದೇ.

ಮಧ್ಯಾಹ್ನವಾಯಿತು. ಕಣ್ಣು ಕತ್ತಲಿಟ್ಟಂತಾಯಿತು. ಊಟ ಮಾಡಿ ಬಂದರಾಯಿತೆಂದು, ಧೂಳು ಬೀಳದಿರಲಿ ಎಂದು ಪೆಟ್ಟಿಗೆಯ ಮುಚ್ಚಳವನ್ನು ಹಾಗೇ ಮೇಲಿಟ್ಟು, ಶೆಡ್ಡಿನ ಹಿಂದಿನ ಗಲ್ಲಿಯಲ್ಲೇ ಇದ್ದ ಮನೆಗೆ ಹೊರಟ. ಉಂಗುರ, ಗಡಿಯಾರ, ಫೋನು ಎಲ್ಲ ಡಬ್ಬದಲ್ಲೇ ಉಳಿದವು. ಮನೆಯಲ್ಲಿ ಎರಡು ತುತ್ತು ಉಂಡು ಗೋಡೆಗೆ ಒರಗಿದ. ಒರಗಿದವನು ಜಾರಿ ಚಾಪೆಯ ಮೇಲೆ ಬಿದ್ದದ್ದು ಅವನಿಗೇ ತಿಳಿಯಲಿಲ್ಲ.

ಎಚ್ಚರವಾದದ್ದು ಪಕ್ಕೆಗೆ ಏನೋ ಒತ್ತಿದಾಗ. ಕಿಟಕಿಯ ಬಿಸಿಲು ಆಗಲೇ ಎದುರು ಗೋಡೆ ಹತ್ತಿತ್ತು. ಹೆಂಡತಿ ಬಾಗಿಲ ಬಳಿ ಕೂತು ಕೈಯಲ್ಲೇ ಗುಂಡಿ ಹೊಲಿಯುತ್ತಿದ್ದಳು. ಗಂಡನ ನಿದ್ದೆ ಕೆಡಬಾರದೆಂದು ಮಿಷನ್ನನ್ನು ಮುಟ್ಟಿರಲೇ ಇಲ್ಲ. ಮೇಸ್ತ್ರಿ ಒತ್ತುತ್ತಿದ್ದದ್ದನ್ನು ತಡವಿದ. ಪ್ಲಗ್ಗು. ಧಡಕ್ಕನೆ ಎದ್ದು ಕೂತ.

"ಎಷ್ಟು ಹೊತ್ತಾಯ್ತೇ? ಯಾಕೆ ಎಬ್ಬಿಸ್ಲಿಲ್ಲ?"

"ಅಳಿಯಂದ್ರು ಫೋನ್ ಮಾಡಿದ್ರು ಕಣ್ರೀ. ಎಬ್ಬಿಸ್ಲಾ ಅಂದೆ. ಬೇಡ ಅತ್ತೆ, ಮಲಗ್ಲಿ, ಅವರಾಗೇ ಎದ್ದಾಗ ಕಳ್ಸಿ ಅಂದ್ರು."

ಮಲಗಲಿ ಅಂದನೇ? ಹಾಗಾದರೆ ತನ್ನ ಅಗತ್ಯವಿಲ್ಲ. ತನ್ನ ಜೇಬಿನ ಪ್ಲಗ್ಗಿನ ಅಗತ್ಯವೂ ಇಲ್ಲ. ಶೆಡ್ಡಿನ ಹಿತ್ತಲಲ್ಲಿ ಗುಜರಿಗೆ ಬಿದ್ದ ಅದೇ ಮಾದರಿಯ ಗಾಡಿಯೊಂದಿತ್ತು, ಅದರ ಪ್ಲಗ್ಗು ಇದಕ್ಕೂ ಸರಿಹೋಗುತ್ತದೆ. ಮುಚ್ಚಳ ಮೇಲಿದೆ, ಕೆಲಸ ಮುಗಿದಿದೆ ಎಂದುಕೊಂಡು ಅದನ್ನು ತಂದು ಸಿಕ್ಕಿಸಿದ್ದರೆ? ಮೇಸ್ತ್ರಿ ಕಣ್ಣು ಮುಚ್ಚಿ ಬೆಳಗಿನ ಕೆಲಸವನ್ನು ಮತ್ತೆ ಕೇಳಲು ನೋಡಿದ. ಮೊದಲ ಸಾಲು ಬಿಗಿದದ್ದು ಕಿವಿಯಲ್ಲಿತ್ತು. ಟಿಕ್, ಟಿಕ್, ಟಿಕ್. ಎರಡನೇ ಸಾಲು? ಎಷ್ಟು ನೆನೆದರೂ ಒಂದು ಟಿಕ್ಕೂ ಕೇಳಿಸಲಿಲ್ಲ. ಪಟ್ಟಿ ಸಡಿಲಾಗಿರುವಾಗ ಗಾಡಿ ಓಡಿದರೆ ಅಲ್ಲೇ ಕಿಡಿ ಹಾರುತ್ತದೆ, ತಾಮ್ರ ಕರಗುತ್ತದೆ, ಬೆಂಕಿ ಏಳುತ್ತದೆ.

"ಫೋನ್ ಮಾಡೇ! ಮುಟ್ಬೇಡಿ ಅನ್ನು!"

ಅವಳು ಮಾಡಿದಳು. ರಿಂಗಾಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೆಲಸಕ್ಕೆ ಕೈ ಹಾಕುವವನು ಫೋನನ್ನು ಡಬ್ಬಕ್ಕೆ ಹಾಕಬೇಕೆಂದು ಕಾನೂನು ಮಾಡಿದವನು ತಾನೇ. ಎತ್ತುತ್ತಿಲ್ಲವೆಂದರೆ ಅಳಿಯ ಕೈ ಹಾಕಿದ್ದಾನೆಂದೇ ಅರ್ಥ. ಮೇಸ್ತ್ರಿ ಎದ್ದು ಓಡಿದ. ಓಡಿದ ಅಂದರೆ, ಆ ಮಂಡಿ ಇಟ್ಟುಕೊಂಡು ಎಷ್ಟು ಓಡಬಹುದೋ ಅಷ್ಟು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು. ಬಾಯಲ್ಲಿ ಮಗಳ ಹೆಸರು. ತನ್ನ ಮಗಳ ಗಂಡನನ್ನು ತಾನೇ ಕೊಂದೆನೋ ಎಂಬುದು ಬಿಟ್ಟರೆ ಅವನ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಗಲ್ಲಿಯ ತಿರುವಿನಲ್ಲೇ ಕೂಗಾಟ ಕೇಳಿಸಿತು. ಅರ್ಜೆಂಟನ ದನಿ. ಅವನು ಹೆಣದ ಮುಂದೆ ಕೂಗುತ್ತಿಲ್ಲ, ಜೀವಂತ ಮನುಷ್ಯನ ಜೊತೆ ಜಗಳವಾಡುತ್ತಿದ್ದಾನೆ ಎಂಬುದು ಮೇಸ್ತ್ರಿಯ ಕಿವಿಗೆ ತಕ್ಷಣ ಗೊತ್ತಾಯಿತು. ಅಲ್ಲೇ ಕಂಬ ಹಿಡಿದು ಒಂದು ಉಸಿರು ಎಳೆದುಕೊಂಡ.

ಒಳಗೆ ಹೋಗಿ ನೋಡಿದರೆ ಗಾಡಿ ಇದ್ದಲ್ಲೇ ಇತ್ತು. ಡಿಕ್ಕಿಗೆ ಬೆನ್ನು ಕೊಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಳಿಯ ಕೈಕಟ್ಟಿ ಕೂತಿದ್ದ. ಮುಂದೆ ಅರ್ಜೆಂಟ್, ಪಕ್ಕದಲ್ಲಿ ಯಜಮಾನಮ್ಮ, ಇಬ್ಬರ ಮುಖವೂ ಕೆಂಪು. ಅತ್ತೆಯ ಜೊತೆ ಮಾತಾಡಿ ಅಳಿಯ ಮತ್ತೆ ಡಬ್ಬಕ್ಕೆ ಹಾಕಿದ್ದ ಫೋನು ಅಲ್ಲೇ ಬಡಿದುಕೊಳ್ಳುತ್ತಿದ್ದದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ.

"ಬಂದ್ರಾ ಮಹಾರಾಜರು?" ಎಂದ ಅರ್ಜೆಂಟ್. "ಕನಸೆಲ್ಲ ಮುಗೀತಾ?"

"ಮೇಸ್ತ್ರಿ, ನಿಮ್ಮ ಅಳಿಯನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದಳು ಯಜಮಾನಮ್ಮ. "ಮುಚ್ಚಳ ಹಾಕಿದೆ, ಕೆಲಸ ಮುಗಿದಿದೆ. ಗುಜರಿ ಗಾಡಿದು ಪ್ಲಗ್ಗು ನಾನೇ ತಂದು ಕೈಗೆ ಕೊಟ್ಟೆ. ಹಾಕಪ್ಪಾ ಅಂದ್ರೆ ಜೇಬಿಗೆ ಹಾಕ್ಕೊಂಡು ಕಲ್ಲಿನ ಥರ ಕೂತಿದಾನೆ!"

ಅಳಿಯನ ಜೇಬು ಉಬ್ಬಿತ್ತು. ಕಿತ್ತಳೆ ಹಿಡಿಯ ತುದಿ ಹೊರಗೆ ಇಣುಕುತ್ತಿತ್ತು.

"ನಾನು ಆಗಿಂದ ಹೇಳ್ತಿರೋದು ಒಂದೇ ಮಾತು ಯಜಮಾನಮ್ಮ" ಎಂದ ಅವನು, ದನಿ ಎತ್ತದೆ. "ಈ ಗಾಡಿ ಪ್ಲಗ್ಗು ಮಾವನ ಜೇಬಲ್ಲಿದೆ. ಅಂದ್ರೆ ಮಾವ ಇನ್ನೂ ಒಳಗಿದಾರೆ. ಒಳಗೆ ಮನುಷ್ಯ ಇರುವಾಗ ಕರೆಂಟು ಹೇಗೆ ಕೊಡ್ಲಿ?"

"ಯಾವ ಒಳಗೆ? ಅವರು ಮನೇಲಿ ಗೊರಕೆ ಹೊಡೀತಿದ್ರಲ್ಲೋ!"

"ಹೊಡೀಲಿ. ಲೆಕ್ಕಕ್ಕೆ ಒಳಗಿದ್ರು."

ಮೇಸ್ತ್ರಿ ತನ್ನ ಜೇಬನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ, "ಮತ್ತೆ ನನ್ನನ್ನ ಎಬ್ಬಿಸಿ ಕರೆಸ್ಬಹುದಿತ್ತಲ್ಲ?"

ಅಳಿಯ ಬಕೆಟ್ಟಿನಿಂದ ಎದ್ದ. "ಬೆಳಿಗ್ಗೆ ನಿಮ್ಮ ಕಣ್ಣು ನೋಡಿದ್ದೆ ಮಾವ. ನಿದ್ದೆಗಣ್ಣಲ್ಲಿ ಎಳ್ಕೊಂಡು ಬಂದ್ರೆ ಒಳಗೆ ಕೈ ಎಲ್ಲಿ ಹೋಗುತ್ತೋ ಏನೋ. ಮಲಗಿ ಎದ್ದೇ ಬರ್ಲಿ ಅಂದೆ. ಇವರ ಬೈಗುಳ ಏನು, ಕೇಳಿಸ್ಕೊಂಡ್ರೆ ಆಯ್ತು."

ಮೇಸ್ತ್ರಿ ಗ್ಲೌಸು ತೊಟ್ಟುಕೊಂಡ. ಇಬ್ಬರೂ ಸೇರಿ ಮುಚ್ಚಳ ಎತ್ತಿದರು. ಮೊದಲ ಸಾಲಿನ ನಟ್ಟುಗಳು ಅಲುಗಾಡಲಿಲ್ಲ. ಎರಡನೇ ಸಾಲಿನ ಮೊದಲ ನಟ್ಟಿಗೆ ಬೆರಳು ಇಟ್ಟ. ಅದು ಮಕ್ಕಳ ಬುಗುರಿಯಂತೆ ಸಲೀಸಾಗಿ ತಿರುಗಿತು. ಅದರ ಪಕ್ಕದ್ದೂ ತಿರುಗಿತು. ಇಡೀ ಸಾಲು ತಿರುಗಿತು. ಅಳಿಯ ನೋಡಿದ, ಏನೂ ಅನ್ನಲಿಲ್ಲ. ಮೇಸ್ತ್ರಿಯೂ ಸುಮ್ಮನಿದ್ದರೆ ಈ ವಿಷಯ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಯಜಮಾನಮ್ಮನಿಗೆ ಅಷ್ಟು ದೂರದಿಂದ ಏನೂ ಕಾಣುತ್ತಿರಲಿಲ್ಲ.

"ಬಿಗಿದಿಲ್ಲ" ಎಂದ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ. "ಅರ್ಧ ಕೆಲಸಕ್ಕೆ ಮುಚ್ಚಳ ಹಾಕಿ ಹೋಗಿದೀನಿ. ಇವರು ಆ ಪ್ಲಗ್ಗು ಹಾಕಿದ್ರೆ ಗಾಡಿ ಹೊತ್ತಿ ಉರೀತಿತ್ತು."

ಅರ್ಜೆಂಟ್ ಗಾಡಿಯ ಕಡೆ ತಿರುಗಿ ನೋಡಿದ. ಸಂಜೆ ಆ ಹಿಂದಿನ ಸೀಟಿನಲ್ಲಿ ಕೂರಬೇಕಾಗಿದ್ದವರು ಅವನ ಕಣ್ಣ ಮುಂದೆ ಬಂದಿರಬೇಕು. ಅವನು ಮೆಲ್ಲಗೆ ಹೋಗಿ ಬೆಂಚಿನ ಮೇಲೆ ಕೂತ, ಮತ್ತೆ ಅವಸರ ಮಾಡಲಿಲ್ಲ.

ಮೇಸ್ತ್ರಿ ಸ್ಪ್ಯಾನರ್ ತೆಗೆದುಕೊಂಡ. ಒಮ್ಮೆ ಇಟ್ಟ, ಜಾರಿತು. ಇನ್ನೊಮ್ಮೆ ಇಟ್ಟ, ಮತ್ತೂ ಜಾರಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಅಳಿಯ ಯಾವಾಗ ತಪ್ಪುತ್ತಾನೋ ಎಂದು ಇಷ್ಟು ದಿನ ಅವನ ಕೈಯನ್ನೇ ಕಾಯುತ್ತಿದ್ದ, ತನ್ನ ಕೈಯ ಕಡೆ ನೋಡಿಕೊಂಡೇ ಇರಲಿಲ್ಲ. ಅವನು ಸ್ಪ್ಯಾನರ್ ಕೆಳಗಿಟ್ಟು ಗ್ಲೌಸು ಬಿಚ್ಚಿ ಜೇಬಿನಿಂದ ಪ್ಲಗ್ಗು ತೆಗೆದ. ಮೈಯ ಬಿಸಿಗೆ ಅದು ಬೆಚ್ಚಗಿತ್ತು.

"ಒಳಗೆ ನೋಡಿದ್ರಲ್ಲ?" ಎಂದ.

"ನೋಡ್ದೆ ಮಾವ."

"ಹಾಗಾದ್ರೆ ಹಿಡ್ಕೊಳ್ಳಿ."

ಅಳಿಯ ಗುಜರಿ ಪ್ಲಗ್ಗನ್ನು ತೆಗೆದು ಯಜಮಾನಮ್ಮನ ಕೈಗೆ ಕೊಟ್ಟು, ಮಾವ ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಮಗಳ ಕೈಯನ್ನು ಇದೇ ಮನುಷ್ಯನ ಕೈಗೆ ಕೊಟ್ಟಾಗಲೂ ಮೇಸ್ತ್ರಿಗೆ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ.

ಮೇಸ್ತ್ರಿ ಬಕೆಟ್ಟಿನ ಮೇಲೆ ಕೂತು ಕಣ್ಣು ಮುಚ್ಚಿದ. ಅಳಿಯ ಗ್ಲೌಸು ತೊಟ್ಟು ಬಿಗಿಯುತ್ತಾ ಹೋದ. ಟಿಕ್. ಟಿಕ್. ಮಧ್ಯೆ ಮಧ್ಯೆ ಸಣ್ಣಗೆ ಶಿಳ್ಳೆ. ಮೊದಲ ಸಲ ಮೇಸ್ತ್ರಿ ಆ ಶಿಳ್ಳೆಯನ್ನು ಗಮನವಿಟ್ಟು ಕೇಳಿದ. ಪ್ರತಿ ನಟ್ಟಿನ ಕೊನೆಯ ತಿರುವಿಗೆ ಅದು ನಿಲ್ಲುತ್ತಿತ್ತು, ಟಿಕ್ ಆದ ಮೇಲೆ ಮತ್ತೆ ಶುರುವಾಗುತ್ತಿತ್ತು. ಒಂದೂ ತಪ್ಪಲಿಲ್ಲ. ಇಷ್ಟು ವರ್ಷ ಕಿವಿ ಮೇಸ್ತ್ರಿ ಎನ್ನಿಸಿಕೊಂಡವನಿಗೆ ಇದು ಕೇಳಿಸಿರಲೇ ಇಲ್ಲ.

ಅಳಿಯ ಮುಚ್ಚಳ ಕೂರಿಸಿ ಪ್ಲಗ್ಗು ಸಿಕ್ಕಿಸಿದ ಮೇಲೆ ಕೆಂಪು ದೀಪ ಆರಿತು. ಗಾಡಿ ಸದ್ದಿಲ್ಲದೆ ಶೆಡ್ಡಿನಿಂದ ಇಳಿದು ಹೋಯಿತು. ಮೇಸ್ತ್ರಿ ಡಬ್ಬದಿಂದ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡು ಯಜಮಾನಮ್ಮನ ಮುಂದೆ ಹೋಗಿ ನಿಂತ.

"ಅಳಿಯ ಒಬ್ಬರೇ ಬ್ಯಾಟರಿ ಬಿಚ್ಚಬಹುದು."

ಯಜಮಾನಮ್ಮ ತಲೆಯಾಡಿಸಿದಳು. ಅವನು ಅಲ್ಲೇ ನಿಂತಿದ್ದ. ಈ ಮಾತನ್ನು ಹೇಳುವ ದಿನ ಹಗುರಾಗುತ್ತೇನೆಂದು ಎಷ್ಟೋ ಸಲ ಅಂದುಕೊಂಡಿದ್ದ, ಅದಕ್ಕೆ ಇನ್ನೊಂದು ಅರ್ಧ ಇರಬಹುದೆಂದು ಮಾತ್ರ ಯೋಚಿಸಿರಲಿಲ್ಲ.

"ಇನ್ಮೇಲೆ ನಾನು ಬಿಚ್ಚಬಾರದು" ಎಂದ.

ಮನೆಗೆ ಹೋಗುವ ದಾರಿಯಲ್ಲಿ ಅಭ್ಯಾಸದಿಂದ ಜೇಬು ಮುಟ್ಟಿಕೊಂಡ. ಖಾಲಿ. ಒಂದು ಕ್ಷಣ ಕಾಲು ನಿಂತುಬಿಟ್ಟಿತು. ಆಮೇಲೆ ನೆನಪಾಗಿ ನಡೆದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅಳಿಯ ಅಷ್ಟರಲ್ಲೇ ಫೋನಿನಲ್ಲಿ ಎಲ್ಲ ಹೇಳಿದ್ದಿರಬೇಕು. ಅವಳು ಏನೂ ಕೇಳದೆ ತನ್ನ ಚಪ್ಪಲಿಯನ್ನು ಅವನ ಕಾಲಿನಿಂದ ಬಿಡಿಸಿಕೊಂಡಳು. ಅವನು ಚಾಪೆಯ ಮೇಲೆ ಮಲಗಿದ. ಪಕ್ಕೆಗೆ ಏನೂ ಒತ್ತಲಿಲ್ಲ, ಆದರೂ ನಿದ್ದೆ ಬರಲಿಲ್ಲ.

"ಮಿಷನ್ ತುಳಿ. ನಾನು ಮಲಗಿಲ್ಲ" ಎಂದ.

ಅವಳು ತುಳಿದಳು. ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದ.

"ಬೆಲ್ಟು ಸಡಿಲಾಗಿದೆ ಕಣೇ. ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಬೆಳಿಗ್ಗೆ ಎದ್ದ ತಕ್ಷಣ ಬಿಗಿ ಮಾಡ್ತೀನಿ."

"ಬೆಳಿಗ್ಗೆ ನೀವು ಮಲಗಿರ್ತೀರಿ" ಎಂದಳು ಹೆಂಡತಿ.